ಕಟ್ಟುವುದೋ, ಕೊಳ್ಳುವುದೋ?

2023ನೇ ಇಸವಿಯ ಡಿಸೆಂಬರ್ ತಿಂಗಳ ಕೊನೆಯ ವಾರ. ಕಲ್ಯದಲ್ಲಿ ರಾಗಿಯ ಒಕ್ಕಣೆಯ ಕಾಲ. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕುಳಿತಿದ್ದಾಗ ಅಮೆರಿಕದ ಮಿಷಿಗನ್ ಪ್ರಾಂತದಿಂದ ನನ್ನ ಹಳೆಯ ಶಿಷ್ಯನೊಬ್ಬನ ದೂರವಾಣಿ ಕರೆ ಬಂತು. ಕುಶಲೋಪರಿಯೆಲ್ಲ ಮುಗಿದ ಮೇಲೆ, "ಸಾರ್, ನನ್ನ ಮಗಳು ಊಟ ಬಿಟ್ಟು ಕೂತಿದ್ದಾಳೆ" ಎಂದ. ಕಾರಣ ಕೇಳಿದರೆ, ಅವರೂರಿನ ಡೆಟ್ರಾಯಿಟ್ ಬಾಸ್ಕೆಟ್‌ಬಾಲ್ ತಂಡ ಸತತವಾಗಿ 28 ಪಂದ್ಯಗಳನ್ನು ಸೋತಿತ್ತು! ಅಪ್ಪ ಮಗಳಿಗೆ ವಾದ ಹತ್ತಿತ್ತು. ಎಳೆಯ ಹುಡುಗರನ್ನೇ ನಂಬಿ, ಸೋತರೂ ಸರಿ, ನಿಧಾನವಾಗಿ ತಂಡವನ್ನು ಕಟ್ಟಬೇಕೆಂದು ಮಗಳು. ಒಪ್ಪಂದ ಮುಗಿದು ಬಿಡುವಾಗಿರುವ ಹೆಸರಾಂತ ಆಟಗಾರರನ್ನು ಹಣ ಕೊಟ್ಟು ಕರೆತರಬೇಕೆಂದು ಅಪ್ಪ. "ನೀವು ಚರಿತ್ರೆಯ ಮೇಷ್ಟ್ರು, ನೀವೇ ಹೇಳಿ" ಎಂದು ಪಂಚಾಯಿತಿಯನ್ನು ನನ್ನ ಕೊರಳಿಗೆ ಕಟ್ಟಿದ.

ಬಾಸ್ಕೆಟ್‌ಬಾಲ್ ಆಟವನ್ನು ನಾನು ನೋಡಿರುವುದು ಅಷ್ಟಕ್ಕಷ್ಟೆ. ಆ ದೇಶದಲ್ಲಿ ಒಂದು ವಿಚಿತ್ರ ಪದ್ಧತಿಯಿದೆ ಎಂದು ಅವನೇ ವಿವರಿಸಿದ. ಹೊಸದಾಗಿ ವೃತ್ತಿಗೆ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಕೆಳಗೆ ಬಿದ್ದ ತಂಡಗಳಿಗೆ ಮೊದಲ ಸರದಿ ಸಿಗುವ ಸಂಭವ ಹೆಚ್ಚು. ಹಾಗಾಗಿ ಸೋಲೂ ಅಲ್ಲಿ ಒಂದು ಬಗೆಯ ಬಂಡವಾಳ. ನಮ್ಮ ಶಾಲೆಗಳಲ್ಲಿ ಕಡಿಮೆ ಅಂಕ ತೆಗೆದವನಿಗೆ ಮರುವರ್ಷ ಒಳ್ಳೆಯ ಮೇಷ್ಟ್ರನ್ನು ಕೊಡುವ ವ್ಯವಸ್ಥೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಆ ದಿನ ಉತ್ತರ ಹೇಳದೆ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಅದಕ್ಕೆ ಕಾರಣ ನನ್ನದೇ ಒಂದು ಹಳೆಯ ಲೆಕ್ಕ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ನಮ್ಮ ನಾಡಿನ ಚರಿತ್ರೆ ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡೋಣ.

ನಮ್ಮ ಮೈಸೂರು ತಂಡದಷ್ಟು ಹೀನಾಯವಾಗಿ ಆರಂಭ ಮಾಡಿದ ತಂಡ ಇನ್ನೊಂದಿರಲಾರದು. 1934ರ ನವೆಂಬರ್ 4. ರಣಜಿ ಟ್ರೋಫಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ, ಮದ್ರಾಸಿನ ಚೆಪಾಕ್ ಮೈದಾನದಲ್ಲಿ, ಮದ್ರಾಸು ಮತ್ತು ಮೈಸೂರು ತಂಡಗಳ ನಡುವೆ. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48 ರನ್ನಿಗೆ ಗಂಟುಮೂಟೆ ಕಟ್ಟಿತು. ಮದ್ರಾಸು ಗಳಿಸಿದ್ದು 130 ಮಾತ್ರ. ಅದೇ ದೊಡ್ಡ ಬೆಟ್ಟವಾಯಿತು. ಎರಡನೆಯ ಇನಿಂಗ್ಸ್‌ನಲ್ಲಿ ಮೈಸೂರಿನವರು 59ಕ್ಕೆ ಮುಗಿದರು. ಎ. ಜಿ. ರಾಮ್ ಸಿಂಗ್ ಎಂಬ ಎಡಗೈ ಬೌಲರ್ 35 ರನ್ ಕೊಟ್ಟು 11 ವಿಕೆಟ್ ಕಿತ್ತರು. ಬೆಳಿಗ್ಗೆ ಆರಂಭವಾದ ಪಂದ್ಯ ಅದೇ ದಿನ ಸಂಜೆಯೊಳಗೆ ಇನಿಂಗ್ಸ್ ಮತ್ತು 23 ರನ್ನುಗಳ ಸೋಲಿನಲ್ಲಿ ಮುಗಿದೇ ಹೋಯಿತು. ಮೈಸೂರು ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾಗಿ ಆಗಿನ್ನೂ ಒಂದು ವರ್ಷವಾಗಿತ್ತು.

ಇಂಥ ತಂಡವೊಂದು ಏನು ಮಾಡಬೇಕು? ಆ ಕಾಲದ ದೇಶೀ ಸಂಸ್ಥಾನಗಳು ಇದಕ್ಕೆ ಸುಲಭವಾದ ದಾರಿ ಕಂಡುಕೊಂಡಿದ್ದವು. ರಾಜರ ಖಜಾನೆಯಿತ್ತು, ದಂಡಿನಲ್ಲಿ ಹುದ್ದೆಗಳಿದ್ದವು. ಒಳ್ಳೆಯ ಆಟಗಾರ ಕಂಡರೆ ಕರೆದು ಕೆಲಸ ಕೊಡುವುದು, ಆಡಿಸುವುದು. ಬರೋಡ, ನವಾನಗರ ಇಂಥ ಸಂಸ್ಥಾನಗಳೆಲ್ಲ ಇದೇ ಹಾದಿ ಹಿಡಿದವು. ಎಲ್ಲಕ್ಕಿಂತ ಹೆಚ್ಚಿನದು ಇಂದೋರಿನ ಹೋಳ್ಕರ್ ಸಂಸ್ಥಾನ. ನಾಗಪುರದ ಸಿ. ಕೆ. ನಾಯುಡು ಅವರನ್ನು 1920ರ ದಶಕದಲ್ಲೇ ಕರೆಸಿಕೊಂಡು ತನ್ನ ಸೈನ್ಯದಲ್ಲಿ ಅಧಿಕಾರ ಕೊಟ್ಟಿತು. 'ಕರ್ನಲ್' ನಾಯುಡು ಎಂದು ಇಡೀ ದೇಶ ಕರೆದದ್ದು ಆ ಹುದ್ದೆಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕನಾಗಿ ಹತ್ತಿರದ ಮ್ಹೌ ದಂಡಿನಲ್ಲಿದ್ದ ಇಂಗ್ಲೆಂಡಿನ ಪ್ರಸಿದ್ಧ ಆಟಗಾರ ಡೆನಿಸ್ ಕಾಂಪ್ಟನ್ ಕೂಡ 1944–45ರ ಫೈನಲ್ ಪಂದ್ಯದಲ್ಲಿ ಹೋಳ್ಕರ್ ಪರವಾಗಿ ಆಡಿ ಅಜೇಯ 249 ರನ್ ಹೊಡೆದರು. ಅಷ್ಟಾದರೂ ಬೊಂಬಾಯಿಯೇ ಗೆದ್ದಿತೆನ್ನುವುದು ಬೇರೆ ಮಾತು.

ಮರುವರ್ಷ, 1945–46ರ ಸೆಮಿಫೈನಲಿನಲ್ಲಿ ಈ ಹೋಳ್ಕರ್ ತಂಡದ ಕೈಗೆ ಸಿಕ್ಕಿದ್ದು ನಮ್ಮ ಮೈಸೂರು. ಇಂದೋರಿನಲ್ಲಿ ನಡೆದ ಆ ಪಂದ್ಯದ ಅಂಕಿಸಂಖ್ಯೆಗಳನ್ನು ಈಗ ಓದಿದರೂ ಎದೆ ಝಲ್ಲೆನ್ನುತ್ತದೆ. ಹೋಳ್ಕರ್ 8 ವಿಕೆಟ್ಟಿಗೆ 912 ರನ್ ಮಾಡಿ, ಪಾಪವೆನ್ನಿಸಿತೋ ಏನೋ, ಡಿಕ್ಲೇರ್ ಮಾಡಿಕೊಂಡಿತು. ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿ ಶತಕ ಬಾರಿಸಿದ್ದರು. ಐವತ್ತು ದಾಟಿದ ವಯಸ್ಸಿನ ನಾಯುಡು ಅವರೂ ಆ ಆರರಲ್ಲಿ ಒಬ್ಬರು. ನಮ್ಮ ಬಿ. ಕೆ. ಗರುಡಾಚಾರ್ 301 ರನ್ ತೆತ್ತು 4 ವಿಕೆಟ್ ಪಡೆದರು. ಒಬ್ಬ ಮನುಷ್ಯ ಮುನ್ನೂರು ರನ್ ಕೊಟ್ಟ ಮೇಲೂ ಚೆಂಡನ್ನು ಕೈಗೆ ತೆಗೆದುಕೊಳ್ಳುತ್ತಾನೆಂದರೆ ಅವನ ಮನಸ್ಥೈರ್ಯ ಎಂಥದು! ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 190 ಮಾಡಿತು. ಆದರೆ ಎರಡನೆಯ ಸಲ ಅದೇ ತಂಡ ಐನೂರರ ಗಡಿ ದಾಟಿತು. ಅದೇ ಗರುಡಾಚಾರ್ 164 ರನ್ ಹೊಡೆದರು. ಪಂದ್ಯ ಕೈಬಿಟ್ಟು ಹೋಗಿದ್ದಾಗ ಹೊಡೆದ ಆ ರನ್ನುಗಳನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಗರುಡಾಚಾರ್ 99 ವರ್ಷ ತುಂಬಿ ಬಾಳಿ 2016ರಲ್ಲಿ ತೀರಿಕೊಂಡರು.

ಹೋಳ್ಕರ್ ತಂಡ ಆ ವರ್ಷ ಪ್ರಶಸ್ತಿ ಗೆದ್ದಿತು. ಅದರ ಬಾಳು 14 ವರ್ಷ; ಅಷ್ಟರಲ್ಲಿ ನಾಲ್ಕು ಬಾರಿ ಪ್ರಶಸ್ತಿ, ಆರು ಬಾರಿ ಎರಡನೆಯ ಸ್ಥಾನ. ಇದನ್ನು ನೋಡಿದವರು 'ಕೊಳ್ಳುವುದೇ ಸರಿ' ಎಂದರೆ ತಪ್ಪೇನು? ಆದರೆ ಸಂಸ್ಥಾನಗಳು ಕರಗಿದವು, ಪೋಷಕರ ಕಾಲ ಮುಗಿಯಿತು, 1955ರ ಹೊತ್ತಿಗೆ ಆ ತಂಡವೇ ಇಲ್ಲವಾಯಿತು. ಅದರ ಉತ್ತರಾಧಿಕಾರಿಯಾದ ಮಧ್ಯಪ್ರದೇಶ ತಂಡ ಮತ್ತೊಮ್ಮೆ ಫೈನಲ್ ಮೆಟ್ಟಿಲು ಹತ್ತಿದ್ದು 1998–99ರಲ್ಲಿ. ಅಲ್ಲಿ, ಬೆಂಗಳೂರಿನಲ್ಲಿ, ಅದನ್ನು 96 ರನ್ನುಗಳಿಂದ ಸೋಲಿಸಿದ್ದು ನಮ್ಮ ಕರ್ನಾಟಕ! ಅಂದು ಸೋತ ತಂಡದ ನಾಯಕ ಚಂದ್ರಕಾಂತ್ ಪಂಡಿತ್. ಅವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾರೆ.

ಮೈಸೂರು ಆ ದಾರಿ ಹಿಡಿಯಲಿಲ್ಲ. ಹಿಡಿಯಬಾರದೆಂಬ ದೊಡ್ಡ ತತ್ತ್ವವೇನೂ ಇದ್ದಿರಲಾರದು; ಆದರೆ ತಂಡ ಬೆಳೆದದ್ದಂತೂ ಇಲ್ಲಿಯ ಕ್ಲಬ್ಬು, ಕಾಲೇಜು, ಬೀದಿಗಳಿಂದ. 1941–42ರಲ್ಲಿ ಮತ್ತು 1959–60ರಲ್ಲಿ ಫೈನಲ್ ತಲುಪಿ ಎರಡೂ ಬಾರಿ ಬೊಂಬಾಯಿಗೆ ಸೋತರು. ಬಳಿಕ ನಿಧಾನವಾಗಿ ಒಬ್ಬೊಬ್ಬರೇ ಬಂದರು. ಎರಪಳ್ಳಿ ಪ್ರಸನ್ನ 1962ರಲ್ಲೇ ಭಾರತಕ್ಕೆ ಆಡಿದ್ದರೂ ಎಂಜಿನಿಯರಿಂಗ್ ಓದಿಗಾಗಿ ವರ್ಷಗಟ್ಟಲೆ ದೂರ ಉಳಿದು, ಪದವಿ ಮುಗಿಸಿಕೊಂಡೇ ಮರಳಿದರು. (ಈ ಸಂಗತಿಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದು ನಿಮಗೆಲ್ಲ ಗೊತ್ತೇ ಇದೆ.) ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ್ದ ಬಲಗೈಯಿಂದಲೇ ಚಂದ್ರಶೇಖರ್ ಚೆಂಡನ್ನು ಹಾವಿನಂತೆ ಹರಿಯಬಿಟ್ಟರು. 1967ರಲ್ಲಿ ಭದ್ರಾವತಿಯ ಪುಟ್ಟ ಆಳು ಗುಂಡಪ್ಪ ವಿಶ್ವನಾಥ್ ಆಂಧ್ರದ ವಿರುದ್ಧ ತಮ್ಮ ಚೊಚ್ಚಲ ಪಂದ್ಯದಲ್ಲೇ 230 ಹೊಡೆದರು. ನಾಯಕ ವಿ. ಸುಬ್ರಹ್ಮಣ್ಯ ಈ ಹುಡುಗರನ್ನೆಲ್ಲ ಸೋಲಿನ ವರ್ಷಗಳಲ್ಲೂ ಬೆನ್ನಿಗೆ ಕಟ್ಟಿಕೊಂಡರು. ಗೆಲುವನ್ನು ಕಂಡದ್ದು ಮುಂದಿನ ನಾಯಕರು. ಕಟ್ಟುವ ಕೆಲಸದ ಹಣೆಬರಹವೇ ಇದು: ಅಡಿಪಾಯ ತೆಗೆದವನು ಗೃಹಪ್ರವೇಶದ ದಿನ ಎಲ್ಲೋ ಹಿಂದಿನ ಸಾಲಿನಲ್ಲಿ ನಿಂತಿರುತ್ತಾನೆ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನ ಕೊನೆಗೆ, 1974ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ಬೊಂಬಾಯಿಯ ವಿರುದ್ಧ ಸೆಮಿಫೈನಲ್. ಬೊಂಬಾಯಿ ಅಷ್ಟರೊಳಗೆ ಸತತ 15 ವರ್ಷ ಪ್ರಶಸ್ತಿ ಗೆದ್ದಿತ್ತು. ಅಂದರೆ ಆ ಗೆಲುವಿನ ಸರಣಿ ಶುರುವಾದ ವರ್ಷ ಹುಟ್ಟಿದ ಮಗು ಪ್ರೌಢಶಾಲೆಯ ಕೊನೆಗೆ ಬಂದಿತ್ತು! ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬೊಂಬಾಯಿಯ ಗವಾಸ್ಕರ್ ಪ್ರಸನ್ನರ ಎಸೆತಕ್ಕೆ ಬೌಲ್ಡ್ ಆದರು. ವಾಡೇಕರ್ ಕಾಲು ಜಾರಿ ರನೌಟ್ ಆದರು. 307ಕ್ಕೆ ಆಟ ಮುಗಿಯಿತು. ನಾನಾಗ ಊರಿನಲ್ಲಿದ್ದೆ. ಮಾಗಡಿಯಿಂದ ಬರುವ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬರುವವರೆಗೆ ಅರಳಿಕಟ್ಟೆಯಲ್ಲಿ ಕಾದು, ಕಂಡಕ್ಟರನ ಕೈಯಿಂದಲೇ ಕಿತ್ತುಕೊಂಡು ಓದಿದ್ದು ನೆನಪಿದೆ. ನಂತರ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಪ್ರಸನ್ನರ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಮನೆಗೆ ತಂದಿತು. ಚೆಪಾಕಿನ ಆ ಒಂದು ದಿನದ ಸೋಲಿನಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ನಲವತ್ತು ವರ್ಷ.

ನಲವತ್ತು ವರ್ಷ! ಇಲ್ಲೇ ನನ್ನ ಶಿಷ್ಯನ ವಾದಕ್ಕೆ ಬಲ ಬರುವುದು. ಅಷ್ಟು ಕಾಲ ಕಾಯುವವರು ಯಾರು? ಅವನ ಮಗಳು ಅಜ್ಜಿಯಾಗುವವರೆಗೆ ಊಟ ಬಿಟ್ಟು ಕೂರಲು ಸಾಧ್ಯವೇ? ಆದರೆ ಕಟ್ಟಿದ ಮನೆಯ ಗುಣವನ್ನೂ ನೋಡಬೇಕು. 1977–78 ಮತ್ತು 1982–83ರಲ್ಲಿ ಮತ್ತೆ ಪ್ರಶಸ್ತಿ. 1995–96ರಿಂದ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಪ್ರಶಸ್ತಿ. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಗದಗಿನ ಸುನಿಲ್ ಜೋಶಿ, ಇವರೆಲ್ಲ ಮೇಲಿನವರ ಆಟವನ್ನು ನೋಡುತ್ತಾ ಬೆಳೆದವರು. ಆಮೇಲೆ ಮತ್ತೆ ದೀರ್ಘ ಬರಗಾಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿ ವಿರುದ್ಧ 338 ರನ್ ಬೆನ್ನಟ್ಟಿ, ಮನೀಶ್ ಪಾಂಡೆ 144 ಹೊಡೆದರೂ, 6 ರನ್ನುಗಳಿಂದ ಸೋತರು. ಆ ವರ್ಷದ ನವೆಂಬರಿನಲ್ಲಿ ಅನಿಲ್ ಕುಂಬ್ಳೆ ರಾಜ್ಯ ಸಂಸ್ಥೆಯ ಅಧ್ಯಕ್ಷರೂ ಶ್ರೀನಾಥ್ ಕಾರ್ಯದರ್ಶಿಯೂ ಆದರು. ಹೊರಗಿನವರನ್ನು ಕರೆಯದೆ, ದಾವಣಗೆರೆಯ ವಿನಯ್ ಕುಮಾರರ ನಾಯಕತ್ವದಲ್ಲಿ, ಜೆ. ಅರುಣ್ ಕುಮಾರರ ತರಬೇತಿಯಲ್ಲಿ ಹುಡುಗರ ಕೈಗೇ ತಂಡವನ್ನು ಕೊಟ್ಟರು. 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದರು. ಎರಡನೆಯ ಫೈನಲಿನಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ರನ್ ಹೊಡೆದದ್ದನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿರುತ್ತೀರಿ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಪ್ರಬಂಧ ಬಹಳ ನೀಟಾಗಿ ಮುಗಿಯುತ್ತಿತ್ತು. ಆದರೆ ಚರಿತ್ರೆ ಅಷ್ಟು ವಿಧೇಯ ವಿದ್ಯಾರ್ಥಿಯಲ್ಲ. ರಣಜಿಯಲ್ಲಿ ಪ್ರತಿ ರಾಜ್ಯವೂ ಹೊರಗಿನ ಮೂವರು ವೃತ್ತಿಪರ ಆಟಗಾರರನ್ನು ಸೇರಿಸಿಕೊಳ್ಳಬಹುದು. ಆರು ದಶಕ ಏನನ್ನೂ ಗೆಲ್ಲದಿದ್ದ ವಿದರ್ಭ ತಂಡ ಮುಂಬಯಿಯ ಹಿರಿಯ ವಾಸಿಂ ಜಾಫರ್ ಅವರನ್ನೂ, ನಮ್ಮ ಕರ್ನಾಟಕದಿಂದಲೇ ಹೋದ ಗಣೇಶ್ ಸತೀಶ್ ಅವರನ್ನೂ ಇಟ್ಟುಕೊಂಡಿತು. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಸೆಮಿಫೈನಲಿನಲ್ಲಿ ಕರ್ನಾಟಕವನ್ನು 5 ರನ್ನುಗಳಿಂದ ಸೋಲಿಸಿ ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಅಂದು ನಮ್ಮ 7 ವಿಕೆಟ್ ಉರುಳಿಸಿದವನು ಕೊಂಡುತಂದವನಲ್ಲ. ವಿದರ್ಭದ ಹುಡುಗ ರಜನೀಶ್ ಗುರ್ಬಾನಿ. ಹಿರಿಯರು ಅಲ್ಲಿ ಬರೀ ರನ್ ಹೊಡೆಯಲಿಲ್ಲ, ಹುಡುಗರಿಗೆ ಗೆಲ್ಲುವುದು ಹೇಗೆಂದು ತೋರಿಸಿದರು. ಆ ತಂಡದ ಕೋಚ್ ಯಾರು? ಇದೇ ಚಂದ್ರಕಾಂತ್ ಪಂಡಿತ್! ಅವರೇ ಮುಂದೆ ಮಧ್ಯಪ್ರದೇಶಕ್ಕೆ ಹೋಗಿ, 2022ರ ಜೂನ್‌ನಲ್ಲಿ, ತಾವು 1999ರಲ್ಲಿ ಸೋತಿದ್ದ ಬೆಂಗಳೂರಿನ ಅದೇ ಮೈದಾನದಲ್ಲಿ ಮುಂಬಯಿಯನ್ನು ಮಣಿಸಿದರು. ಹೋಳ್ಕರರ ನಾಡಿಗೆ ಕೊನೆಗೂ ಪ್ರಶಸ್ತಿ ಮರಳಿತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಉದಾಹರಣೆ ಬೇಕೆಂದರೆ ನಮ್ಮ ಬೆಂಗಳೂರಿನ ಐಪಿಎಲ್ ತಂಡದ ಚರಿತ್ರೆಯನ್ನು ಓದಬೇಕು. 2008ರ ಫೆಬ್ರವರಿಯ ಹರಾಜಿನಲ್ಲಿ ಕುಂಬ್ಳೆ, ಕಾಲಿಸ್, ಬೌಚರ್, ಜಹೀರ್ ಖಾನ್ ಎಂದು ದೊಡ್ಡ ಹೆಸರುಗಳನ್ನೇ ಕೊಂಡರು, ದ್ರಾವಿಡ್ ನಾಯಕರು. ಏಪ್ರಿಲ್ 18ರ ಮೊದಲ ಪಂದ್ಯದಲ್ಲಿ ಕೋಲ್ಕತ್ತದ ಮೆಕಲಮ್ ಒಬ್ಬರೇ 158 ಹೊಡೆದರು; ನಮ್ಮವರು ಎಲ್ಲ ಸೇರಿ 82. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಮೋಜೆಂದರೆ, ಆ ವರ್ಷ ಅವರು ಮಾಡಿದ ಅತ್ಯುತ್ತಮ ಆಯ್ಕೆ ದೊಡ್ಡ ಹರಾಜಿನದಲ್ಲ. 19 ವರ್ಷದೊಳಗಿನ ಹುಡುಗರನ್ನು, ಬಾಸ್ಕೆಟ್‌ಬಾಲಿನವರಂತೆಯೇ, ಸರದಿಯಲ್ಲಿ ಆರಿಸುವ ಒಂದು ಪ್ರತ್ಯೇಕ ವ್ಯವಸ್ಥೆಯಿತ್ತು. ದೆಹಲಿ ತಂಡ ತನ್ನೂರಿನ ಹುಡುಗನನ್ನು ಬಿಟ್ಟು ಬೇರೊಬ್ಬನನ್ನು ಆರಿಸಿತು. ಬೆಂಗಳೂರು ಅವನನ್ನು 30,000 ಡಾಲರಿಗೆ ಕರೆದುಕೊಂಡಿತು. ವಿರಾಟ್ ಕೊಹ್ಲಿ ಬಂದದ್ದು ಹಾಗೆ.

2009ರಲ್ಲಿ ಜೊಹಾನ್ಸ್‌ಬರ್ಗಿನ ಫೈನಲಿನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರೂ ತಂಡ 6 ರನ್ನಿಂದ ಸೋತಿತು. 2011, 2016ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 2014ರ ಹರಾಜಿನಲ್ಲಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ ರೂಪಾಯಿ ಕೊಟ್ಟರು. ಆ ವರ್ಷದ ಫೈನಲ್ ನಡೆದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ. ಆಡಿದ್ದು ಮಾತ್ರ ಕೋಲ್ಕತ್ತ ಮತ್ತು ಪಂಜಾಬ್. ಅಂದು 94 ರನ್ ಹೊಡೆದು ಕೋಲ್ಕತ್ತವನ್ನು ಗೆಲ್ಲಿಸಿದವರು ಮನೀಶ್ ಪಾಂಡೆ. ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಗಳಿಸಿದವರು ಅದೇ ತಂಡದ ರಾಬಿನ್ ಉತ್ತಪ್ಪ. ಇಬ್ಬರೂ ಕರ್ನಾಟಕದವರು, ಇಬ್ಬರೂ ಹಿಂದೆ ಬೆಂಗಳೂರು ತಂಡದಲ್ಲಿದ್ದವರು! ಕರ್ನಾಟಕ ರಣಜಿ ಗೆದ್ದ ವರ್ಷವೂ ಅದೇ. ರಾಜ್ಯದ ಹೊಲದಲ್ಲಿ ಬಂಪರ್ ಬೆಳೆ; ರಾಜಧಾನಿಯ ತಂಡ ಮಾತ್ರ ಸಂತೆಯಲ್ಲಿ ರಾಗಿ ಕೊಳ್ಳುತ್ತಿತ್ತು. 2017ರಲ್ಲಿ ಕೋಲ್ಕತ್ತದ ವಿರುದ್ಧ 49 ರನ್ನಿಗೆ ಆಲೌಟ್ ಆದಾಗ ನನ್ನ ಮೊಮ್ಮಗ ಟಿ.ವಿ.ಯ ಪ್ಲಗ್ಗನ್ನೇ ಕಿತ್ತುಹಾಕಿದ.

ಕೊನೆಗೆ ಪ್ರಶಸ್ತಿ ಬಂದದ್ದು 18ನೆಯ ವರ್ಷ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ, ಪಂಜಾಬಿನ ವಿರುದ್ಧ. ಅಂತರ ಅದೇ 6 ರನ್. ನಾಯಕ ರಜತ್ ಪಾಟಿದಾರ್. ಈತ ಕೋಟಿಗಟ್ಟಲೆ ಕೊಟ್ಟು ತಂದವರಲ್ಲ; 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದು, ಗಾಯಗೊಂಡ ಕರ್ನಾಟಕದ ಹುಡುಗನೊಬ್ಬನ ಬದಲಿಗೆ ಬಂದವರು. ಬಂದ ವರ್ಷವೇ ಎಲಿಮಿನೇಟರ್ ಪಂದ್ಯದಲ್ಲಿ ಶತಕ ಹೊಡೆದರು, ಉಳಿದರು, ಬೆಳೆದರು. ಪಾಟಿದಾರರ ಊರು ಯಾವುದೆಂದು ಬಲ್ಲಿರಾ? ಇಂದೋರು! ಯಾವ ಊರಿನಲ್ಲಿ ನಮ್ಮ ಗರುಡಾಚಾರ್ 301 ರನ್ ತೆತ್ತಿದ್ದರೋ ಅದೇ ಊರಿನ ಹುಡುಗ ಬೆಂಗಳೂರಿಗೆ ಪ್ರಶಸ್ತಿ ತಂದ. ಆ ಸಂತೋಷವೂ ಮರುದಿನದವರೆಗೆ ಉಳಿಯಲಿಲ್ಲವೆನ್ನಿ. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಮಕ್ಕಳನ್ನು ಕಳೆದುಕೊಂಡ ತಾಯ್ತಂದೆಯರನ್ನು ನೆನೆದರೆ ಈ ಲೆಕ್ಕಾಚಾರವೆಲ್ಲ ಬೇಡವೆನಿಸುತ್ತದೆ.

ಇದು ಆಟಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ ಶಾಸನ ನಮ್ಮ ಕಲ್ಯದಲ್ಲಿದೆಯಷ್ಟೆ. ಆ ಬುಕ್ಕನ ವಂಶದವನೇ ಇಮ್ಮಡಿ ದೇವರಾಯ, 1424ರಿಂದ 1446ರವರೆಗೆ ಆಳಿದವನು. ಬಹಮನಿಗಳೆದುರು ಮತ್ತೆ ಮತ್ತೆ ಸೋಲಾಗುತ್ತಿದ್ದಾಗ ಅವನು ಸಭೆ ಕರೆದು, ನಮಗೆ ನಾಡು ದೊಡ್ಡದು, ಜನ ಹೆಚ್ಚು, ಆದರೂ ಸೋಲುವುದೇಕೆಂದು ಕೇಳಿದನಂತೆ. ಶತ್ರುಗಳ ಕುದುರೆ ಬಲವಾದದ್ದು, ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂತು. ದೇವರಾಯ ಮುಸಲ್ಮಾನ ಯೋಧರನ್ನು ಸೈನ್ಯಕ್ಕೆ ಸೇರಿಸಿಕೊಂಡ, ಜಹಗೀರು ಕೊಟ್ಟ, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿಕೊಟ್ಟ ಎಂದು ಫಿರಿಶ್ತಾ ಬರೆಯುತ್ತಾನೆ. ಅಹಮದ್ ಖಾನನೆಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ಹತ್ತನೆಯ ತರಗತಿಯ ಪ್ರವಾಸದಲ್ಲಿ ನಿಮಗೆ ತೋರಿಸಿದ್ದೆ. ನಾನು ಗಮನಿಸಬೇಕೆನ್ನುವುದು ಫಿರಿಶ್ತಾ ಕೊಡುವ ಲೆಕ್ಕದ ಮುಂದಿನ ಭಾಗವನ್ನು. ಹೊರಗಿನಿಂದ ಬಂದ ಬಿಲ್ಲುಗಾರರು 2,000. ವಿದ್ಯೆ ಕಲಿತು ತಯಾರಾದ ನಾಡಿನ ಬಿಲ್ಲುಗಾರರು 60,000. ಸಂಖ್ಯೆಯನ್ನು ಸ್ವಲ್ಪ ತಗ್ಗಿಸಿಯೇ ಓದೋಣ. ಆದರೂ ಕ್ರಮ ಸ್ಪಷ್ಟವಾಗಿದೆ. ದೇವರಾಯ ಕೊಂಡದ್ದು ಬಿಲ್ಲುಗಾರರನ್ನಲ್ಲ, ಬಿಲ್ವಿದ್ಯೆಯನ್ನು.

1565ರ ತಾಳಿಕೋಟೆಯ ಯುದ್ಧದಲ್ಲಿ ಹೊರಗಿನಿಂದ ಬಂದ ಇಬ್ಬರು ಸರದಾರರು ಪಕ್ಷ ಬದಲಿಸಿದ್ದರಿಂದಲೇ ವಿಜಯನಗರ ಸೋತಿತೆಂದು, ಎರಡು ವರ್ಷದ ಮೇಲೆ ಅಲ್ಲಿಗೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಬರೆದಿದ್ದಾನೆ. ವಿದ್ವಾಂಸರು ಇದನ್ನು ಒಮ್ಮತದಿಂದ ಒಪ್ಪುವುದಿಲ್ಲ. ಸೋತವರು ಕಾರಣವನ್ನು ಹೊರಗಿನವನ ತಲೆಗೆ ಕಟ್ಟುವುದು ಸುಲಭವೆಂದು ನನ್ನ ಅಭಿಪ್ರಾಯ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ.

ಈಗ ನನ್ನ ಹಳೆಯ ಲೆಕ್ಕಕ್ಕೆ ಬರುತ್ತೇನೆ. 1986ರ ಮಾತು. ನಾನಾಗ ಇದ್ದ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಕಬಡ್ಡಿ ತಂಡದ ಹೊಣೆ ನನ್ನದು. ಹಿಂದಿನ ಮೂರು ವರ್ಷವೂ ಹೋಬಳಿ ಮಟ್ಟದಲ್ಲೇ ಸೋತಿದ್ದೆವು. ಆ ವರ್ಷ ಹುಡುಗರು ಹಟಕ್ಕೆ ಬಿದ್ದು ದಿನಾ ಬೆಳಿಗ್ಗೆ ಐದೂವರೆಗೆ ಬಂದು, ಕಲ್ಲು ಹೆಕ್ಕಿ, ಅಂಕಣಕ್ಕೆ ಕೆರೆಯ ಮಣ್ಣು ಹೊತ್ತು ಹಾಕಿ ಅಭ್ಯಾಸ ಮಾಡಿದರು. ಕ್ರೀಡಾಕೂಟಕ್ಕೆ ಇನ್ನು ಮೂರು ವಾರವಿದೆಯೆನ್ನುವಾಗ ಊರಿನ ಹಿರಿಯರೊಬ್ಬರು ಬಂದು, ಬೇರೆ ಹಳ್ಳಿಯಲ್ಲಿ ಎತ್ತಿನಂಥ ಮೂವರು ಹುಡುಗರಿದ್ದಾರೆ, ವರ್ಗಾವಣೆ ಪತ್ರ ತರಿಸಿ ಸೇರಿಸಿಕೊಳ್ಳಿ ಎಂದರು. ಕಾನೂನಿನಂತೆ ತಪ್ಪೇನಿರಲಿಲ್ಲ. ನನಗೂ ಗೆಲುವಿನ ಆಸೆ. ಸೇರಿಸಿಕೊಂಡೆ. ವರ್ಷವಿಡೀ ಮಣ್ಣು ಹೊತ್ತ ಮೂವರನ್ನು ಗೆರೆಯಾಚೆ ಕೂರಿಸಿದೆ.

ಗೆದ್ದೆವು. ಹೋಬಳಿಯಲ್ಲೂ ತಾಲ್ಲೂಕಿನಲ್ಲೂ ಗೆದ್ದೆವು. ಮಾಗಡಿಯಲ್ಲಿ ಹಾರ ಹಾಕಿದರು, ಫೋಟೋ ತೆಗೆಸಿದರು. ಮರುವರ್ಷ ಆ ಮೂವರು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟುಹೋದರು. ಗೆರೆಯಾಚೆ ಕುಳಿತವರು ಅದಕ್ಕೂ ಮೊದಲೇ ಅಂಕಣದ ಕಡೆ ತಲೆ ಹಾಕುವುದನ್ನು ಬಿಟ್ಟಿದ್ದರು. ತಂಡವೇ ಇಲ್ಲವಾಯಿತು. ಯಾರಾದರೂ ಕೇಳಿದರೆ, 'ಹೊರಗಿನ ಹುಡುಗರು, ನಮ್ಮನ್ನು ಬಿಟ್ಟುಹೋದರು' ಎನ್ನುತ್ತಿದ್ದೆ. ಆ ಹುಡುಗರದು ಏನು ತಪ್ಪು? ಕರೆದವನು ನಾನು. ಅವರಿಂದ ನಮ್ಮವರಿಗೆ ಹಿಡಿತದ ಒಂದು ಪಟ್ಟನ್ನಾದರೂ ಕಲಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ದೇವರಾಯನ ಪಾಠವನ್ನು ಪ್ರತಿ ವರ್ಷ ಬೋಧಿಸುತ್ತಿದ್ದವನು ನಾನೇ.

ಮೊನ್ನೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಬಳಿ ಒಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಅಂದು ಗೆರೆಯಾಚೆ ಕುಳಿತವರಲ್ಲಿ ಒಬ್ಬ. ಈಗ ತಲೆಯೆಲ್ಲ ನೆರೆತಿದೆ. ಕಾಫಿ ಕುಡಿಯುತ್ತಾ ನಾನೇ ಆ ವಿಷಯ ತೆಗೆದೆ. "ಅದೆಲ್ಲ ಯಾಕೆ ಬಿಡಿ ಸಾರ್, ಗೆದ್ವಲ್ಲ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಮಣ್ಣು ಮಾತ್ರ ನಮ್ಮದೇ ಸಾರ್" ಎಂದು ನಕ್ಕ.

ಡೆಟ್ರಾಯಿಟ್ ತಂಡ ಆ ವರ್ಷ 82 ಪಂದ್ಯಗಳಲ್ಲಿ ಗೆದ್ದದ್ದು 14. ಮರುವರ್ಷ, 2024–25ರಲ್ಲಿ, 44 ಗೆದ್ದಿತು. ಸೋತ ಹುಡುಗರನ್ನು ಬಿಡದೆ ಉಳಿಸಿಕೊಂಡು, 2021ರಲ್ಲಿ ಮೊದಲ ಸರದಿಯಲ್ಲಿ ಆರಿಸಿದ್ದ ಕೇಡ್ ಕನಿಂಗ್ಹ್ಯಾಮ್ ಎಂಬುವನ ಸುತ್ತ ತಂಡ ಕಟ್ಟಿ, ಟೋಬಿಯಾಸ್ ಹ್ಯಾರಿಸ್ ಮೊದಲಾದ ಕೆಲವು ಅನುಭವಿಗಳನ್ನು ಹಣ ಕೊಟ್ಟು ತಂದರಂತೆ. "ಗೆದ್ದದ್ದು ಯಾರ ವಾದ ಸಾರ್, ನನ್ನದೋ ಮಗಳದೋ?" ಎಂದು ಶಿಷ್ಯ ಮತ್ತೆ ಕರೆ ಮಾಡಿದ್ದ. ಮಗಳು ಊಟ ಮಾಡುತ್ತಿದ್ದಾಳೆಯೇ ಎಂದು ಕೇಳಿದೆ. ಮಾಡುತ್ತಿದ್ದಾಳೆ ಎಂದ.

ಒಂದು ಕೋರಿಕೆ. 1986ರಲ್ಲಿ ಮಾಗಡಿಯಲ್ಲಿ ತೆಗೆಸಿದ ಫೋಟೋದ ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಅಂಕಣಕ್ಕಿಳಿದ ಏಳು ಹುಡುಗರು ಮತ್ತು ನಾನು ಮಾತ್ರ ಇದ್ದೇವೆ. ಅದೇ ದಿನ ಹಿಂದಿರುಗುವಾಗ ಬಸ್ ನಿಲ್ದಾಣದ ಹತ್ತಿರ ಎಲ್ಲರೂ ಒಟ್ಟಿಗೆ ನಿಂತು ಇನ್ನೊಂದು ತೆಗೆಸಿಕೊಂಡಿದ್ದೆವೆಂದು ರಾಮನಗರದಲ್ಲಿ ಸಿಕ್ಕ ಶಿಷ್ಯ ಹೇಳುತ್ತಾನೆ, ನನಗೆ ನೆನಪಿಲ್ಲ. ನಿಮ್ಮಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಅದು ಇದ್ದರೆ ದಯವಿಟ್ಟು ಒಂದು ಪ್ರತಿ ಕಳುಹಿಸಿ.